ಮುಟ್ಟಬಾರದ ಟವೆಲುಗಳು

ಡ್ವೇನ್ ಮನೆಯ ಬಚ್ಚಲಲ್ಲಿ ಎರಡು ಬಿಳಿ ಟವೆಲುಗಳು ತೂಗುತ್ತಿದ್ದವು. ಅಂಚಿನಲ್ಲಿ ನೀಲಿ ಹೂವಿನ ಕಸೂತಿ, ಗರಿಗರಿ ಇಸ್ತ್ರಿ. ಕೈ ಒರೆಸಿಕೊಳ್ಳುವುದೊಂದನ್ನು ಬಿಟ್ಟು ಬೇರೆ ಸಕಲ ಮರ್ಯಾದೆಯೂ ಅವಕ್ಕೆ ಸಲ್ಲುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನೊಮ್ಮೆ ಅದರಲ್ಲಿ ಮುಖ ಒರೆಸಿಕೊಂಡು ಹೆಂಡತಿ ಮಾರ್ಲಿಸ್‌ಳಿಂದ ಮಂಗಳಾರತಿ ಮಾಡಿಸಿಕೊಂಡಿದ್ದ (ಅದೂ ಅತ್ತೆಯ ಎದುರಿಗೇ!). ಅಂದಿನಿಂದ ಅವನ ಒದ್ದೆ ಕೈಗೆ ಪ್ಯಾಂಟೇ ಗತಿಯಾಗಿತ್ತು.

ಆ ಭಾನುವಾರ ಚರ್ಚಿನಿಂದ ಬಂದವನೇ ಡ್ವೇನ್ ಗ್ಯಾರೇಜಿಗೆ ನುಗ್ಗಿ, ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನುಗಳ ಬಕೆಟ್ಟಿಗೆ ಕೈ ಹಾಕಿ ಸತ್ತವನ್ನು ಆರಿಸಿ ಎಸೆಯುತ್ತಿದ್ದ. ಬಾಗಿಲಲ್ಲಿ ಮಾರ್ಲಿಸ್ ಪ್ರತ್ಯಕ್ಷಳಾದಳು.

"ಈ ಗಂಡಸರಿಗೆ ಸೋಪಿನ ಮೇಲೆ ಅದೇನು ಜನ್ಮಾಂತರದ ದ್ವೇಷಾನೋ! ಇವತ್ತು ಚರ್ಚಲ್ಲಿ ನೋಡ್ದೆ. ಟಾಯ್ಲೆಟ್ಟಿಂದ ಬಂದೋರು ಬಂದ ಹಾಗೇ ಡೋನಟ್ ತಟ್ಟೆಗೆ ಕೈ ಹಾಕ್ತಾರೆ!"

"ಹೆಂಗಸ್ರು ತೊಳ್ಕೊಂಡೇ ಬರ್ತಾರೆ ಅಂತ ನೀನೇನು ಕಂಡಿದೀಯಾ?"

"ಕಂಡಿದೀನಿ. ಒಳಗೆ ನಾನೂ ಇದ್ದೆನಲ್ಲ!"

ಈ ಸಾಕ್ಷ್ಯವನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ಡ್ವೇನ್‌ಗೆ ಭಯಂಕರ ಉಪಾಯವೊಂದು ಹೊಳೆಯಿತು. ಮಧ್ಯಾಹ್ನದ ಊಟಕ್ಕೆ ಮೂವರು ಬರುವವರಿದ್ದರು. ದುಲೂತ್‌ನಿಂದ ಮಾರ್ಲಿಸ್‌ಳ ಅಕ್ಕ ಲವಾನ್, ಶಾಲೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಪಕ್ಕದ ಮನೆಯ ಬೆರಿಟ್, ಅವನದೇ ತಮ್ಮ ವರ್ಲಿನ್.

"ಬಾಜಿ ಕಟ್ತೀಯಾ?" ಎಂದ. "ಇವತ್ತು ಯಾರು ಕೈ ತೊಳೀತಾರೆ ಯಾರು ತೊಳೆಯಲ್ಲ ಅಂತ ನಾನು ಪ್ರಮಾಣ ಸಮೇತ ತೋರಿಸ್ತೀನಿ. ಹೆಂಗಸ್ರೇ ಕೊಳಕು ಅಂತಾದ್ರೆ, ಕೆರೆ ಗಟ್ಟಿಯಾದ ಮೊದಲನೇ ಶನಿವಾರ ನಾನು ಐಸ್ ಮೇಲೆ!"

"ಗಂಡಸ್ರು ಅಂತಾದ್ರೆ ಆ ಶನಿವಾರ ನೀನು ಲವಾನ್ ಮನೆಗೆ ಬಣ್ಣ ಹೊಡೀಬೇಕು."

ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಎಳೆದು ನಿಲ್ಲಿಸಿ, ಐಸಿಗೆ ತೂತು ಕೊರೆದು, ತಮ್ಮನ ಜೊತೆ ಗಾಳ ಬಿಟ್ಟು ಕೂರುವ ಆ ಒಂದು ದಿನಕ್ಕಾಗಿಯೇ ಡ್ವೇನ್ ವರ್ಷವಿಡೀ ಬದುಕುತ್ತಿದ್ದ. ಆದರೂ ಪುರುಷಕುಲದ ಮಾನದ ಪ್ರಶ್ನೆ! ಪ್ಯಾಂಟಿಗೆ ಕೈ ಒರೆಸಿಕೊಂಡು "ಆಗ್ಲಿ" ಎಂದುಬಿಟ್ಟ.

ಊಟಕ್ಕೆ ಮುಂಚೆ ಬನ್ನುಗಳಿಗೆ ಬೆಣ್ಣೆ ಹಚ್ಚುವ ಕೆಲಸವನ್ನು ಅವನು ತಾನಾಗಿಯೇ ವಹಿಸಿಕೊಂಡ. ಅಡುಗೆಮನೆಯ ಆ ಮೂಲೆಯಿಂದ ಬಚ್ಚಲ ಬಾಗಿಲು ನೆಟ್ಟಗೆ ಕಾಣುತ್ತಿತ್ತು. ಲವಾನ್ ಒಳಗೆ ಹೋಗಿ ಬಂದಳು. ಡ್ವೇನ್ ಚಾಕು ಬಿಟ್ಟು ಓಡಿ ಟವೆಲು ಮುಟ್ಟಿ ನೋಡಿದ. ಒಣಗಿ ಖಡಕ್ಕಾಗಿದೆ! ಓಡಿ ಬಂದು ಮತ್ತೆ ಬೆಣ್ಣೆ ಹಚ್ಚಿದ. ಬೆರಿಟ್ ಹೋಗಿ ಬಂದಳು. ಮತ್ತೆ ಓಡಿದ. ಅಯ್ಯಯ್ಯೋ, ಒಂದು ಹನಿಯೂ ಇಲ್ಲ! ಊರಿನ ಮಕ್ಕಳಿಗೆಲ್ಲ ಕೈ ತೊಳೆಯುವುದು ಕಲಿಸಿದ ನರ್ಸಮ್ಮ! ಡ್ವೇನ್‌ಗೆ ಕುಣಿಯುವುದೊಂದು ಬಾಕಿ. ಕಡೆಗೆ ವರ್ಲಿನ್ ಹೋಗಿ ಬಂದ. ಟವೆಲು ತೊಪ್ಪೆಯಾಗಿತ್ತು! ತಮ್ಮನನ್ನು ತಬ್ಬಿಕೊಂಡು ಮುದ್ದಿಡಬೇಕೆನಿಸಿತು ಅವನಿಗೆ.

ಊಟದ ಮೇಜಿನಲ್ಲಿ ಅವನು ಧಾರಾಳವಾಗಿ ಬನ್ನುಗಳನ್ನು ಕೈಯಾರೆ ಒಬ್ಬೊಬ್ಬರ ತಟ್ಟೆಗೂ ಹಾಕಿದ. ವರ್ಲಿನ್ ಮುಕ್ಕತೊಡಗಿದ. ಹೆಂಗಸರ ಬನ್ನುಗಳು ಮಾತ್ರ ಇದ್ದಲ್ಲೇ ಇದ್ದವು.

"ತಗೊಳ್ಳಿ, ಸಂಕೋಚ ಯಾಕೆ!"

"ಚೆನ್ನಾಗಿ ಕಾಣ್ತಿದೆ, ಆಮೇಲೆ ತಿಂತೀನಿ," ಎಂದಳು ಬೆರಿಟ್ ನಯವಾಗಿ.

"ಈ ಆಲೂಗಡ್ಡೇಲೇ ಹೊಟ್ಟೆ ತುಂಬೋಯ್ತಪ್ಪ," ಎಂದಳು ಲವಾನ್. ಅವಳ ತಟ್ಟೆಯಲ್ಲಿ ಇದ್ದದ್ದು ಒಂದೇ ಒಂದು ಚಮಚ ಆಲೂಗಡ್ಡೆ.

ಡ್ವೇನ್‌ಗೆ ತಡೆಯಲಾಗಲಿಲ್ಲ. ಬಚ್ಚಲಿಂದ ಎರಡೂ ಟವೆಲುಗಳನ್ನು ತಂದು ಮೇಜಿನೆದುರು ಬಾವುಟದಂತೆ ಹಿಡಿದು ನಿಂತ.

"ಮಹನೀಯರೇ, ಮಹಿಳೆಯರೇ! ಲವಾನ್ ಹೋಗಿ ಬಂದಾಗ ಒಣ! ಬೆರಿಟ್ ಹೋಗಿ ಬಂದಾಗ ಒಣ! ನನ್ನ ತಮ್ಮ, ಅಪ್ಪಟ ಗಂಡಸು, ಇಗೋ ಮುಟ್ಟಿ ನೋಡಿ, ಒದ್ದೆ!"

ಹೆಂಗಸರು ಮುಖಮುಖ ನೋಡಿಕೊಂಡರು.

"ಅಯ್ಯೋ ಮಾರಾಯ," ಎಂದಳು ಲವಾನ್, "ಆ ಟವೆಲ್‌ಗೆ ಯಾರಾದ್ರೂ ಕೈ ಒರೆಸ್ತಾರಾ? ಅದು ಬರೀ ನೋಡೋಕೆ. ಸ್ನಾನದ ಪರದೆ ಹಿಂದೆ ಒಂದು ಹಳೇ ಟವೆಲ್ ಇತ್ತಲ್ಲ, ಅದಕ್ಕೆ ಒರೆಸ್ದೆ."

"ನಾನೂ ಅದಕ್ಕೇ," ಎಂದಳು ಬೆರಿಟ್. "ಎಲ್ಲರ ಮನೇಲೂ ಹಾಗೇ ಅಲ್ವಾ?"

"ಅದು ನಾನು ಮೈ ಒರೆಸೋ ಟವೆಲು!" ಡ್ವೇನ್ ಕಿರುಚಿದ.

"ನಿನ್ನದಾ?" ಬೆರಿಟ್ ತನ್ನ ಅಂಗೈ ನೋಡಿಕೊಂಡಳು. "ಹಾಗಾದ್ರೆ ಇನ್ನೊಂದ್ಸಲ ತೊಳ್ಕೊಂಡು ಬರ್ತೀನಿ."

"ಬಿಡಿ ಅದನ್ನ! ವರ್ಲಿನ್ ತೊಳ್ದಿದಾನಲ್ಲ! ಹೇಳೋ!"

ವರ್ಲಿನ್ ಬನ್ನು ಅಗಿಯುವುದನ್ನು ನಿಲ್ಲಿಸಿದ. "ತೊಳ್ಯೋದಾ? ಬೂಟಿಗೆಲ್ಲ ಹಿಮ ಮೆತ್ತಿತ್ತು ಅಣ್ಣ. ನೆಲ ಗಲೀಜಾದ್ರೆ ಅತ್ತಿಗೆ ಬೈತಾರೆ ಅಂತ ಅದರಲ್ಲಿ ಒರೆಸ್ದೆ."

ಮಾರ್ಲಿಸ್ ಹಾಕಿದ ಕೂಗಿಗೆ ಕಪಾಟಿನ ಪಿಂಗಾಣಿ ಗಲಗಲ ಅಂದಿತು.

"ನಾನು ಹೇಳಬಾರ್ದು ಅಂತಿದ್ದೆ," ಎಂದು ಬೆರಿಟ್ ಮೆಲ್ಲಗೆ ಶುರುಮಾಡಿದಳು, "ನಾವು ಕೂತಿದ್ದ ಕೋಣೆ ಗೋಡೆ ಆಚೆಗೇ ಬಚ್ಚಲು, ಎಲ್ಲಾ ಕೇಳಿಸತ್ತೆ. ನಮ್ಮ ಒಬ್ಬೊಬ್ಬರ ಹಿಂದೇನೂ ಡ್ವೇನ್ ಒಳಗೆ ಓಡ್ತಿದ್ದ. ಪಾಪ, ಹೊಟ್ಟೆ ಕೆಟ್ಟಿದೆ ಅಂದ್ಕೊಂಡ್ವಿ. ಆದ್ರೆ ಒಂದ್ಸಲಾನೂ ನಲ್ಲಿ ಸದ್ದಾಗ್ಲಿಲ್ಲ. ಹೋದ ಹಾಗೇ ಬಂದು ಬನ್ನಿಗೆ ಬೆಣ್ಣೆ ಹಚ್ತಿದ್ದ."

ಎಲ್ಲರ ಕಣ್ಣೂ ಡ್ವೇನ್‌ನ ಕೈಮೇಲೆ ಬಿದ್ದವು. ಹೆಬ್ಬೆರಳಿನ ಉಗುರಿನ ಬದಿಯಲ್ಲಿ ಮೀನಿನ ಹುರುಪೆಯೊಂದು ಮಿರಮಿರ ಮಿನುಗುತ್ತಿತ್ತು.

"ಓ, ಅದಕ್ಕೇನಾ!" ಎಂದ ವರ್ಲಿನ್. "ನಾನು ಅತ್ತಿಗೆ ಏನೋ ಹೊಸ ರುಚಿ ಮಾಡಿದಾರೆ ಅಂದ್ಕೊಂಡೆ. ಚೆನ್ನಾಗಿತ್ತು ಕಣಣ್ಣ."

ಕೆರೆ ಬಂಡೆಯಂತೆ ಗಟ್ಟಿಯಾದ ಮೊದಲ ಶನಿವಾರ ಬಂತು. ವರ್ಲಿನ್ ಅಲ್ಲಿಂದ ಗಂಟೆಗೊಮ್ಮೆ ಫೋನ್ ಮಾಡಿ ಸಿಕ್ಕ ಮೀನಿನ ವರ್ಣನೆ ಮಾಡುತ್ತಿದ್ದ. ಡ್ವೇನ್ ದುಲೂತ್‌ನಲ್ಲಿ ಲವಾನ್‌ಳ ಗೋಡೆಗೂ, ಅಷ್ಟಿಷ್ಟು ತನ್ನ ಪ್ಯಾಂಟಿಗೂ ಹಸಿರು ಬಣ್ಣ ಬಳಿಯುತ್ತಿದ್ದ. ಊಟಕ್ಕೆ ಕರೆದಾಗ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ತಿರುಗಿಸಿ, ಇಡೀ ಬೀದಿಗೆ ಕೇಳುವಂತೆ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದ. ನೀರು ತೊಟ್ಟಿಕ್ಕುವ ಕೈಗಳನ್ನು ಮೇಲೆತ್ತಿ ಸುತ್ತ ನೋಡಿದ. ಎದುರಿಗೆ ಕಸೂತಿಯ ಟವೆಲುಗಳು. ಪರದೆ ಸರಿಸಿದ, ಅಲ್ಲೇನೂ ಇಲ್ಲ.

ಅಭ್ಯಾಸಬಲ ನೋಡಿ, ಎರಡೂ ಕೈಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು ಹೊರಗೆ ಬಂದ.

ಉಸ್ತುವಾರಿಗೆಂದು ಜೊತೆಗೇ ಬಂದಿದ್ದ ಮಾರ್ಲಿಸ್ ಅವನ ಹಚ್ಚಹಸುರಾದ ಅಂಗೈಗಳನ್ನು ನೋಡಿ, ಬನ್ನಿನ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ತೊಳ್ದೆ ಕಣೇ! ದೇವರಾಣೆಗೂ ತೊಳ್ದೆ!"

"ಹೂಂ," ಎಂದಳು ಲವಾನ್, "ನಲ್ಲಿ ಸದ್ದೇನೋ ಮಾಡಿದ, ಪಾಪ."