ಟವೆಲ್ಲಿನ ಕೆಳಗೆ ಹತ್ತು ಬೆರಳು

ಮೊದಲೇ ಹೇಳಿಬಿಡುತ್ತೇನೆ, ನಾನು ಯಾರ ಮಾತಿಗೂ ಸುಲಭಕ್ಕೆ ಬಗ್ಗುವವಳಲ್ಲ. ಮನೆಯಲ್ಲಿ ಇದನ್ನು ಹಟಮಾರಿತನ ಎನ್ನುತ್ತಾರೆ. ಕಂಪನಿಯವರು ಇದನ್ನೇ ನಾಯಕತ್ವ ಎಂದು ತಿಳಿದು ಮೂರು ದೇಶದ ಜನರನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಬೆಟಗೇರಿಯ ಮನೆಯ ಮೇಲಿನ ಕೋಣೆಯಲ್ಲಿ ಕೂತು ಪೋಲೆಂಡಿನ ಮಾರೆಕ್, ನೈರೋಬಿಯ ಒಟಿಯೆನೊ, ಮನಿಲಾದ ಲೀಸಾ ಈ ಮೂವರಿಂದ ಸಾಫ್ಟ್‌ವೇರ್ ಮಾಡಿಸುವುದು ನನ್ನ ಕೆಲಸ. ಈ ಪದ್ಧತಿಗೆ ಅಜೈಲ್ ಎಂದು ಹೆಸರು. ದೊಡ್ಡ ಕೆಲಸವನ್ನು ಚೂರು ಚೂರು ಮಾಡಿ ಹಂಚುವುದು, ದಿನಾ ಹದಿನೈದು ನಿಮಿಷ ಸೇರಿ ಯಾರದು ಎಲ್ಲಿಗೆ ಬಂತು ಎಂದು ಕೇಳುವುದು, ಇಷ್ಟೇ. ನಮ್ಮ ಅಮ್ಮಿ ಮದುವೆಮನೆಯ ಅಡುಗೆ ಮಾಡಿಸುವುದೂ ಹೀಗೆಯೇ. ಅವರಿಗೆ ಮಾತ್ರ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ನನ್ನ ತಾಪತ್ರಯ ಲಂಡನ್ನಿನಲ್ಲಿರುವ ನನ್ನ ಮೇಲಿನ ಸಾಹೇಬರು. ಒಂದು ಕೆಲಸಕ್ಕೆ ಎಷ್ಟು ವಾರ ಬೇಕು ಎಂದು ಎಲ್ಲರೂ ಗುಟ್ಟಾಗಿ ಅಂಕಿ ಬರೆದು ಒಮ್ಮೆಗೇ ತೋರಿಸಬೇಕೆಂಬ ನಿಯಮ ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಇವರು ಬರೆಯುವ ಮೊದಲೇ ಗಂಟಲು ಸರಿಮಾಡಿಕೊಂಡು "ನನಗೇನೋ ಮೂರು ಅನಿಸುತ್ತದಪ್ಪ" ಎಂದುಬಿಡುತ್ತಾರೆ. ತಕ್ಷಣ ಮೂರೂ ದೇಶಗಳಿಗೆ ಮೂರು ಅನಿಸುತ್ತದೆ. ಮೀಟಿಂಗ್ ಮುಗಿದ ಮೇಲೆ ಮಾರೆಕ್ ನನಗೊಬ್ಬಳಿಗೇ ಸಿಟ್ಟಿನ ಸಂದೇಶ ಕಳಿಸುತ್ತಾನೆ. ಒಟಿಯೆನೊ ನಗುತ್ತಾ ಆಗುವುದಿಲ್ಲ ಎನ್ನುತ್ತಾನೆ. ಲೀಸಾ ಏನನ್ನೂ ಹೇಳುವುದಿಲ್ಲ, ಕೂತು ಮಾಡುತ್ತಾಳೆ. ಹಿಂದಿನ ಸಲ ಹೀಗೇ ಹೂಂ ಎಂದು ಒಪ್ಪಿಕೊಂಡು ಮಗಳ ಹುಟ್ಟುಹಬ್ಬದ ದಿನವೂ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಅದು ಗೊತ್ತಾದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಈ ಸಲವೂ ಸಾಹೇಬರು ಗಿರಾಕಿಗೆ ಆಗಲೇ ಮೂರು ವಾರದ ಮಾತು ಕೊಟ್ಟು ಬಂದಿದ್ದರು. ಆಗದಿದ್ದರೆ ತಂಡ ನಡೆಸಲು ಬೇರೆಯವರನ್ನು ನೋಡುತ್ತೇನೆ ಎಂದು ನನ್ನ ಕಿವಿಗೂ ಹಾಕಿದ್ದರು.

ಊಟಕ್ಕೆ ಕೂತಾಗ ಇದನ್ನು ಅಬ್ಬಾನ ಮುಂದೆ ಹೇಳಿಕೊಂಡೆ. ಅಬ್ಬಾ ಲಕ್ಷ್ಮೇಶ್ವರ, ಮುಂಡರಗಿ ಸಂತೆಗಳಲ್ಲಿ ನಲವತ್ತು ವರ್ಷ ಎತ್ತಿನ ದಲ್ಲಾಳಿಯಾಗಿದ್ದವರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಎದುರಿನವರ ಬೆರಳು ಹಿಡಿದು ತಿಳಿಸಬೇಕು. ಮನೆಯಲ್ಲಿ ನಾವು ಉರ್ದು ಆಡಿದರೂ ವ್ಯಾಪಾರದ ಮಾತು ಬಂದರೆ ಅಬ್ಬಾ ಕನ್ನಡಕ್ಕೆ ಇಳಿಯುತ್ತಾರೆ.

"ಬಾಯಿಲೆ ಕೇಳಿದ್ರ ಎಲ್ಲಾರೂ ಸಾಹುಕಾರ್ನ ಮಾತಿಗೆ ಹೂಂ ಅಂತಾರ ಬೇಟಾ. ಮೊದಲ ಅಂವನ ಕೈಮ್ಯಾಲೂ ಟವೆಲ್ ಹಾಕು. ಆಮ್ಯಾಲ ಖರೆ ಹೊರಗ ಬರತೈತಿ."

ಮರುದಿನವೇ ಹೇಳಿಕಳಿಸಿದೆ: ಎಲ್ಲರೂ ಒಂದೊಂದು ಟವೆಲ್ ತರಬೇಕು, ಸಾಹೇಬರೂ ತರಬೇಕು. ಅದರ ಕೆಳಗೆ ವಾರಕ್ಕೊಂದರಂತೆ ಬೆರಳು ಬಿಚ್ಚಿಟ್ಟು, ನಾನು ಎಣಿಸಿದಾಗ ಒಮ್ಮೆಗೇ ತೋರಿಸಬೇಕು. ಟವೆಲ್ ಎತ್ತುವ ಮುನ್ನ ಅಂಕಿಯನ್ನು ಬಾಯಿಬಿಟ್ಟು ಹೇಳಿದವರ ಮತ ರದ್ದು. ಸಾಹೇಬರು ಇದನ್ನು ಭಾರತದ ಯಾವುದೋ ಪುರಾತನ ವಿದ್ಯೆ ಎಂದು ತಿಳಿದು, ಮೈ ಒರೆಸುವ ದೊಡ್ಡ ಟವೆಲ್ ಹಿಡಿದು ಬಹಳ ಭಕ್ತಿಯಿಂದ ಬಂದು ಕೂತರು. ಒಂದು, ಎರಡು, ಮೂರು ಎಂದು ಎಣಿಸಿದೆ. ಟವೆಲ್ಲುಗಳು ಎದ್ದವು. ಮಾರೆಕ್‌ನದು ಏಳು ಬೆರಳು, ಒಟಿಯೆನೊನದು ಎಂಟು. ಸಾಹೇಬರ ಮೂರು ಬೆರಳು ಅಷ್ಟು ದೊಡ್ಡ ಟವೆಲ್ಲಿನ ಪಕ್ಕದಲ್ಲಿ ಬಡವಾಗಿ ಕಂಡವು. ಲೀಸಾ ಮಾತ್ರ ಎರಡೂ ಅಂಗೈ ಬಿಚ್ಚಿ ಹತ್ತು ಬೆರಳೂ ಎತ್ತಿದ್ದಳು.

ಯಾಕೆ ಹತ್ತು ಎಂದು ಕೇಳಿದೆ. ಒಂದು ವರ್ಷದಲ್ಲಿ ಮೊದಲ ಸಲ ಲೀಸಾ ಉದ್ದಕ್ಕೆ ಮಾತಾಡಿದಳು. ಹಿಂದಿನ ಸಲದ ಕೆಲಸದಲ್ಲಿ ಅವಸರಕ್ಕೆ ಬಿಟ್ಟ ತಪ್ಪುಗಳನ್ನು ಒಂದೊಂದಾಗಿ ಹೇಳಿ, ಮೊದಲು ಅವನ್ನು ಸರಿಮಾಡಬೇಕು ಎಂದಳು. ಸಾಹೇಬರು ಗಿರಾಕಿಗೆ ಕೊಟ್ಟ ಮಾತನ್ನು ಎತ್ತಿದರು. ನಾನು ಬಗ್ಗಲಿಲ್ಲ. ಈ ಬೆರಳುಗಳನ್ನು ನೋಡಿದ ಮೇಲೆ ಮೂರು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ, ಬರೆಯುವವರು ಬೇಕಾದರೆ ಇವತ್ತೇ ಹುಡುಕಿಕೊಳ್ಳಿ ಎಂದೆ. ಸಾಹೇಬರು ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಎಂಟು ವಾರಕ್ಕೆ ಒಪ್ಪಿದರು. ಬೇರೆಯವರು ಯಾರೂ ಸಿಗಲಿಲ್ಲವೋ ಏನೋ, ನಾನು ಇನ್ನೂ ಇದ್ದೇನೆ.

ಅಂದಿನಿಂದ ನನ್ನನ್ನು ಹಿಡಿಯುವವರಿರಲಿಲ್ಲ. ದಿನದ ಮೀಟಿಂಗಿನಲ್ಲಿ ಎಲ್ಲರ ಬಾಯಿ ಬಿಡಿಸಿದವಳು ನಾನೇ ಎಂದು ನೆನಪಿಸದೆ ಕೆಲಸ ಶುರುಮಾಡುತ್ತಿರಲಿಲ್ಲ. ಲಕ್ಷ್ಮೇಶ್ವರದ ಸಂತೆ, ಅಬ್ಬಾ ಮಾರಿಸಿಕೊಟ್ಟ ಡಂಬಳದ ಜೋಡೆತ್ತು, ಎಲ್ಲವನ್ನೂ ವಿವರಿಸುತ್ತಿದ್ದೆ. ಹೋದ ವಾರ ಲೀಸಾ, ಹೌದು ಅದೇ ಲೀಸಾ, ಒಂದು ಟವೆಲ್ ಪ್ರಶ್ನೆ ಇದೆ ಎಂದಳು: ನಮ್ಮ ಹದಿನೈದು ನಿಮಿಷದಲ್ಲಿ ಲೀಡರ್ ಒಬ್ಬರೇ ಎಷ್ಟು ನಿಮಿಷ ಮಾತಾಡುತ್ತಾರೆ? ಇಂಥ ಪ್ರಶ್ನೆಗಳೇ ಬೇಕು ಎಂದು ಹುಮ್ಮಸ್ಸಿನಿಂದ ಎಣಿಸಿದೆ. ಮನಿಲಾ ಹತ್ತು, ಪೋಲೆಂಡು ಹತ್ತು, ನೈರೋಬಿ ಹತ್ತು. ಚಹಾ ಕೊಡಲು ಬಂದ ಅಬ್ಬಾ ನನ್ನ ಕುರ್ಚಿಯ ಹಿಂದೆ ನಿಂತು ಎರಡೂ ಕೈ ಎತ್ತಿದ್ದು ಪರದೆಯಲ್ಲಿ ಕಂಡಿತು.

"ನನ್ನ ಕಡೆ ಇರೋವು ಹತ್ತ ಬೆರಳು ಬೇಟಾ, ಏನ್ ಮಾಡ್ಲಿ," ಎಂದರು.

ನನ್ನ ಟವೆಲ್ಲಿನ ಕೆಳಗೆ ಎರಡೇ ಬೆರಳಿದ್ದವು. ನಾನು ಅವನ್ನು ಇಳಿಸಲಿಲ್ಲ. ಎರಡು ಎಂದರೆ ಎರಡೇ ನಿಮಿಷ. ಅದನ್ನು ಅವರಿಗೆಲ್ಲ ಮನವರಿಕೆ ಮಾಡಿಕೊಡುವಷ್ಟರಲ್ಲಿ ಅವತ್ತಿನ ಮೀಟಿಂಗ್ ಮುಗಿದುಹೋಯಿತು.