ದರ್ಬಾರು ಹೌಸಿ

ಬಹಳ ಹಿಂದೆ, ಅಂದರೆ ಮೊಬೈಲಿಗೆ ನೆಟ್‌ವರ್ಕ್ ಬಂದ ಮೇಲೆ, ಒಂದು ರಾಜ್ಯವಿತ್ತು. ಅದನ್ನು ಸಕಲಸದ್ಗುಣಸಂಪನ್ನ, ಧಾರಾವಾಹಿಪ್ರಿಯ ಪ್ರಸನ್ನಕೀರ್ತಿ ಮಹಾರಾಜರು ಆಳುತ್ತಿದ್ದರು. ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಆಳುತ್ತಿರಲಿಲ್ಲ. ಆಗ ಟೀವಿ ಹೌಸಿ ಇರುತ್ತಿತ್ತು.

ಆಟ ಸುಲಭ, ಸ್ವಾಮಿ. ಮೊಬೈಲಿನಲ್ಲಿ ಟಿಕೆಟ್ ಕೊಳ್ಳಬೇಕು. ಅದರ ಚೌಕಗಳಲ್ಲಿ ಅಂಕಿಗಳಿಲ್ಲ. 'ಅತ್ತೆ ಕೆಕ್ಕರಿಸಿದಳು', 'ಹಾಲು ಉಕ್ಕಿತು', 'ಸತ್ತ ಗಂಡ ಬಾಗಿಲು ತಟ್ಟಿದ' ಎಂದಿರುತ್ತದೆ. ಧಾರಾವಾಹಿಯಲ್ಲಿ ಅದು ನಡೆದಾಗ ಆ ಚೌಕಕ್ಕೆ ಗೀಟು ಹೊಡೆಯಬೇಕು. ಎಲ್ಲ ಚೌಕ ಹೊಡೆದವರು 'ಫುಲ್ ಹೌಸ್' ಎಂದು ಕೂಗಿ ಬಹುಮಾನ ಪಡೆಯಬೇಕು. ಪ್ರಜೆಗಳು ಕೂಗಿದರು, ಸೇನಾಪತಿಯೂ ಕೂಗಿದ. ದರ್ಬಾರಿನಲ್ಲಿ ಮಾತ್ರ ನೊಣ ಹೊಡೆಯುವುದೇ ಕೆಲಸವಾಯಿತು.

"ನಮಗಿಂತ ಆ ಅತ್ತೆಯ ಟಿಆರ್‌ಪಿ ಹೆಚ್ಚೇ?" ಎಂದು ಮಹಾರಾಜರು ಕರುಬಿದರು.

"ತಾವು ಕೆಕ್ಕರಿಸಿದರೆ ಆ ಅತ್ತೆ ಯಾವ ಲೆಕ್ಕ, ಪ್ರಭು!" ಎಂದ ಮಹಾಮಂತ್ರಿ ತಥಾಸ್ತುರಾಯ. "ದರ್ಬಾರನ್ನೇ ಟೀವಿಯಲ್ಲಿ ತೋರಿಸಿ ಹೌಸಿ ಮಾಡಿಬಿಡೋಣ."

ಮಾಡಿಯೇಬಿಟ್ಟರು. 'ಅರ್ಜಿದಾರರು ಕಾಲಿಗೆ ಬಿದ್ದರು', 'ಮಂತ್ರಿ ಕಣ್ಣೊರೆಸಿಕೊಂಡರು', 'ರಾಜರು ಭರವಸೆ ಕೊಟ್ಟರು', 'ಸಮಿತಿ ರಚನೆಯಾಯಿತು', ಹೀಗೆ ಹದಿನೈದು ಚೌಕ. 'ಕೆಲಸವಾಯಿತು' ಎಂಬ ಚೌಕ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಆಪ್ ತಯಾರಿಸಿದ ವಿದ್ವಾಂಸರು, ಹಿಂದಿನ ಡೇಟಾ ಸಿಗಲಿಲ್ಲ ಎಂದರು.

ಒಂದು ಗುರುವಾರ, ಹನ್ನೊಂದು ಚೌಕ ಆಗಲೇ ಮುಗಿದಿದ್ದ ಹೊತ್ತಿಗೆ, ಕರಿಗುಡ್ಡ ಎಂಬ ಊರಿನಿಂದ ಬಾಳವ್ವ ಬಂದಳು. ಅವಳ ಊರಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿ, ಬಣ್ಣ ಬಳಿದು, ಉದ್ಘಾಟನೆ ಮುಗಿಸಿ ಬೀಗ ಜಡಿದಿದ್ದರು. ಡಾಕ್ಟರಮ್ಮ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದರು. ಬೀಗ ತೆಗೆಯಲು ರಾಜರ ಒಂದು ಮಾತು ಸಾಕಿತ್ತು.

"ಯಪ್ಪಾ, ಮಗಳಿಗೆ ದಿನಾ ತುಂಬ್ಯಾವ. ಮೊದಲಿನ ಕೂಸು ಉಳೀಲಿಲ್ಲ. ಕೀಲಿ ತಗಸ್ರಿ, ಅಷ್ಟ ಸಾಕು," ಎಂದು ಕಾಲಿಗೆ ಬಿದ್ದಳು.

ರಾಜ್ಯದಾದ್ಯಂತ ಜನ ಒಂದು ಚೌಕ ಹೊಡೆದರು. ತಥಾಸ್ತುರಾಯ ಕಣ್ಣೊರೆಸಿಕೊಂಡ, ಇನ್ನೊಂದು. ಮಹಾರಾಜರು ಭರವಸೆ ಕೊಟ್ಟರು, ಮತ್ತೊಂದು. ಆಮೇಲೆ ಆಗಬಾರದ್ದು ಆಗಿಹೋಯಿತು. ಮಹಾರಾಜರ ಮನಸ್ಸು ನಿಜವಾಗಿಯೂ ಕರಗಿ, "ಆ ಬೀಗ ತೆ..." ಎಂದು ಬಾಯಿ ತೆರೆದರು.

"ಅಯ್ಯಯ್ಯೋ, ಪ್ರಭು!" ತಥಾಸ್ತುರಾಯ ಹೌಹಾರಿದ. "ಸಮಿತಿಯ ಚೌಕವೊಂದೇ ಬಾಕಿ ಇದೆ! ಬೀಗ ತೆಗೆದರೆ ಲಕ್ಷಾಂತರ ಟಿಕೆಟ್ ಮಣ್ಣುಪಾಲು!"

"ಸಮಿತಿ! ಸಮಿತಿ!" ಎಂದು ಸಭೆ ಕೂಗಿತು. ಬಾಳವ್ವ ತಿರುಗಿ ನೋಡಿದರೆ, ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಈರಭದ್ರ!

"ಚಿಗವ್ವಾ, ಸಿಟ್ಟಾಗಬ್ಯಾಡ," ಎಂದ ಅವನು. "ನಂದು ಒಂದ ಚೌಕ ಉಳದೈತಿ. ಕೀಲಿ ನಾಳೆ ಕೇಳೂಣು."

"ನಿನ್ನ ಹೇಂತೀನೂ ಬಸರಿ ಅದಾಳಲ್ಲೋ, ಖೋಡಿ!"

"ಆಕೀನೂ ಟಿಕೆಟ್ ತಗೊಂಡಾಳ ಬೇ."

ಬೀಗ ಹಾಕಿರುವುದು ಹೊರಗಿನಿಂದಲೋ ಒಳಗಿನಿಂದಲೋ ಎಂದು ಪರಿಶೀಲಿಸಲು ಹನ್ನೊಂದು ಜನರ ಸಮಿತಿ ರಚನೆಯಾಯಿತು. ಇಡೀ ರಾಜ್ಯ ಒಟ್ಟಿಗೇ 'ಫುಲ್ ಹೌಸ್' ಎಂದಿತು. ಬಹುಮಾನವನ್ನು ಹಂಚಿದಾಗ ತಲೆಗೆ ಅರ್ಧ ಟಿಕೆಟ್ಟಿನ ದುಡ್ಡು ಬಂತು.

ಮೂರನೆಯ ದಿನ ಬಾಳವ್ವನ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ, ಸೀರೆ ಮರೆಯಲ್ಲಿ ಹೆತ್ತಳು. ಡಾಕ್ಟರಮ್ಮ ಚಹಾದಂಗಡಿಯ ಬಿಸಿನೀರು ತಂದಿದ್ದರು. ಕೂಸು ಬದುಕಿತು. ಅದರಲ್ಲಿ ಸರ್ಕಾರದ ತಪ್ಪೇನೂ ಇರಲಿಲ್ಲ.

ಸಮಿತಿ ಕೂಡಲೇ ವರದಿ ಕೊಟ್ಟಿತು: ಹೆರಿಗೆಗೆ ಮೆಟ್ಟಿಲು ಸಾಕು, ಬಾಗಿಲು ಅನಗತ್ಯ. ಮಹಾರಾಜರಿಗೆ 'ಫುಲ್‌ಹೌಸ್ ಚಕ್ರವರ್ತಿ' ಎಂಬ ಬಿರುದು ಕೊಟ್ಟು ಕಿರೀಟ ತೊಡಿಸಿದರು. ಬೀಗಕ್ಕೆ ಚಿನ್ನದ ಲೇಪ, ನಾಲ್ಕು ಕಾವಲುಗಾರರು, ಒಂದು ಕ್ಯಾಮೆರಾ. ಖರ್ಚಿಗೆ ಮೆಟ್ಟಿಲು ತೆರಿಗೆ. ಟಿಕೆಟ್ಟಿಗೆ ಹೊಸ ಚೌಕವೂ ಬಂತು: 'ಮೆಟ್ಟಿಲ ಮೇಲೆ ಹೆರಿಗೆ'.

ಮುಂದಿನ ವಾರ ಈರಭದ್ರನ ಹೆಂಡತಿಗೆ ನೋವು ಶುರುವಾಯಿತು. ಮೆಟ್ಟಿಲ ಸುತ್ತ ಊರಿಗೆ ಊರೇ ಮೊಬೈಲು ಹಿಡಿದು ನಿಂತಿತು. "ಯಾರಾದರೂ ನೀರು ತನ್ನಿ!" ಎಂದು ಡಾಕ್ಟರಮ್ಮ ಅರಚಿದರೂ ಬಾಳವ್ವನ ಹೊರತು ಯಾರೂ ಕದಲಲಿಲ್ಲ. ಹೆಂಡತಿಯ ಕೂಗು ಕೇಳಲಾರದೆ ಈರಭದ್ರ ಮೊಬೈಲು ಎಸೆದು, ದೊಡ್ಡದೊಂದು ಕಲ್ಲೆತ್ತಿ ಬೀಗಕ್ಕೆ ಹೊಡೆಯಲು ಹೋದ. ಕಾವಲುಗಾರರು ಅವನನ್ನು ಕೆಡವಿ, ಬಡಿದು, ಎಳೆದೊಯ್ದರು. 'ಗಂಡ ಕಲ್ಲೆತ್ತಿದ' ಎಂಬ ಚೌಕ ಯಾರ ಟಿಕೆಟ್ಟಿನಲ್ಲೂ ಇರಲಿಲ್ಲ, ಹಾಗಾಗಿ ಯಾರೂ ಅತ್ತ ನೋಡಲಿಲ್ಲ.