ಅರಿಸಿನ ಹಚ್ಚಿದ ಟೈರು

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ, ಮನುಷ್ಯರ ಮುಖಕ್ಕಿಂತ ಅವರ ಕಾರಿನ ಟೈರೇ ಚೆನ್ನಾಗಿ ನೆನಪಿರುತ್ತದೆ. ಈ ಸಂಗತಿಯನ್ನು ಬರೆಯುತ್ತೇನೆ, ಬರೆಯುತ್ತೇನೆ ಎಂದು ಮುಂದೂಡುತ್ತಲೇ ಬಂದೆ. ಮೊದಲು ಕಣ್ಣಿನ ಆಪರೇಷನ್ನಿನ ನೆಪ ಸಿಕ್ಕಿತು, ಆಮೇಲೆ ಹೊಸ ಕನ್ನಡಕ ಬಂದಿಲ್ಲವೆಂಬ ನೆಪ. ಈಗ ಕನ್ನಡಕವೂ ಬಂದು ಮೂಗಿನ ಮೇಲೆ ಕೂತಿದೆ. ಇನ್ನು ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಷಡ್ಡಕನ ಮನೆ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಆರತಕ್ಷತೆಯಲ್ಲಿ ಯಾರಾದರೂ ಕೈ ಕುಲುಕಿದರೆ, "ಓ, ಮುಂದಿನ ಎಡಗಡೆ ಟೈರು ಸವೆದಿರೋ ಕೆಂಪು ಗಾಡಿಯವರಲ್ವಾ?" ಎನ್ನುತ್ತಾನೆ. ಅವನಿರುವ ಸಬರ್ಬಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಜೂನ್ ಬಂತೆಂದರೆ ತನ್ನ ಗಾಡಿಗೆ ಚಳಿಗಾಲದ ಟೈರು ತೊಡಿಸುತ್ತಾನೆ. ಬಿಚ್ಚಿದ ಬೇಸಿಗೆಯ ಟೈರುಗಳಿಗೆ ಹಳೆ ಸೀರೆ ಸುತ್ತಿ ಗ್ಯಾರೇಜಿನಲ್ಲಿ ಮಲಗಿಸುತ್ತಾನೆ. ನನ್ನ ನಾದಿನಿ ಒಮ್ಮೆ ಮದುವೆಗೆ ಹೊರಡುವಾಗ ರೇಷ್ಮೆ ಸೀರೆಯೊಂದನ್ನು ಮನೆಯೆಲ್ಲ ಹುಡುಕಿದಳಂತೆ. ಅದು ಹಿಂದಿನ ಬಲಗಡೆ ಟೈರಿನ ಮೈಮೇಲಿತ್ತು!

ಈ ಹುಚ್ಚಿನಲ್ಲೂ ಅಳತೆಯ ಮಾತು ಬಂದರೆ ಮಾತ್ರ ಅವನು ನಗುತ್ತಿರಲಿಲ್ಲ. "ಚಪ್ಪಲಿ ಒಂದು ನಂಬರ್ ಹೆಚ್ಚುಕಮ್ಮಿ ಆದ್ರೆ ಕಾಲು ನೋಯುತ್ತೆ ಭಾವ, ಟೈರ್ ಆದ್ರೆ ಮನೆಯೋರು ಅಳ್ತಾರೆ" ಎನ್ನುತ್ತಿದ್ದ.

ನಾವಿರುವುದು ಸಿಡ್ನಿಯ ಟೂಂಗಾಬಿಯಲ್ಲಿ, ಮಗನ ಮನೆಯಲ್ಲಿ. ಮಗ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ನನ್ನಾಕೆ ನಾಲ್ಕೂ ಟೈರಿಗೆ ಧಾರಾಳವಾಗಿ ಅರಿಸಿನ ಮೆತ್ತಿ, ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದಳು. ಆ ಕಾರಿನಲ್ಲೇ ಮೆಲ್ಬರ್ನಿಗೆ ಹೋಗಿ, ಅಲ್ಲಿಂದ ಬೆಟ್ಟ ಹತ್ತಿ ಮೊಮ್ಮಗಳಿಗೆ ಹಿಮ ತೋರಿಸುವುದೆಂದಾಯಿತು. ನಮ್ಮ ಕಾರಿಗೂ ಚಳಿಗಾಲದ ಟೈರೇ ಆಗಬೇಕೆಂದು ಷಡ್ಡಕ ಹಟ ಹಿಡಿದ. ಮಗ ಸುತರಾಂ ಒಪ್ಪಲಿಲ್ಲ. ಕೊನೆಗೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿಗೆ ರಾಜಿಯಾಯಿತು. ಅದೂ ಟೈರಿನ ಅಳತೆಗೆ ತಕ್ಕಂತೆಯೇ ಸಿಗುವುದು. ಅಳತೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಟೈರಿನ ಪಕ್ಕೆಯ ಅಂಕಿಗಳು ಅರಿಸಿನದಡಿ ಹೂತುಹೋಗಿದ್ದವು. ಒರೆಸಲು ಹೋದರೆ ನನ್ನಾಕೆ, "ಪೂಜೆ ಮಾಡಿದ್ದನ್ನ ಅಳಿಸಬೇಡಿ, ತಾನಾಗೇ ಉದುರಲಿ" ಎಂದು ತಡೆದಳು. ಮಂಡಿಯೂರುವ ಶಕ್ತಿಯೂ ನನಗಿರಲಿಲ್ಲವೆನ್ನಿ. ಡಿಕ್ಕಿ ತೆಗೆದೆ. ಅಡಿಯಲ್ಲಿ ಸ್ಟೆಪ್ನಿ ಚೊಕ್ಕವಾಗಿ ಕೂತಿತ್ತು. ಒಂದೇ ಕಾರಿನ ಟೈರುಗಳು ಒಡಹುಟ್ಟಿದವು ತಾನೇ? ಅದರ ಅಳತೆಯನ್ನೇ ಫೋನಿನಲ್ಲಿ ಷಡ್ಡಕನಿಗೆ ಹೇಳಿಬಿಟ್ಟೆ, ಅವನು ಅದಕ್ಕೆ ತಕ್ಕ ಸರಪಳಿ ತಂದಿಟ್ಟ. ಹಳೆಯ ಮಾಲೀಕ ಶೋಕಿಗಾಗಿ ನಾಲ್ಕೂ ಚಕ್ರ ಕಿತ್ತು ದೊಡ್ಡವನ್ನು ಹಾಕಿಸಿದ್ದ, ಸ್ಟೆಪ್ನಿಯನ್ನು ಮಾತ್ರ ಇದ್ದಂತೆ ಬಿಟ್ಟಿದ್ದ. ಅದು ನನಗೇನು ಗೊತ್ತು?

ಇಲ್ಲಿಯವರೆಗೆ ಬರೀ ದಡ್ಡತನ. ತಪ್ಪು ಶುರುವಾಗುವುದು ಈಗ. ಬೆಟ್ಟಕ್ಕೆ ಹೊರಡುವ ಮುಂಜಾನೆ, ಕ್ರೇಗಿಬರ್ನ್‌ನ ಮನೆಯ ಮುಂದೆ ಷಡ್ಡಕ ಟಾರ್ಚು ಹಿಡಿದು ನಮ್ಮ ಕಾರಿನ ಬಳಿ ಬಗ್ಗಿದ.

"ಭಾವ, ಒಂದ್ಸಲ ನಾನೂ ನೋಡಿಬಿಡ್ತೀನಿ."

"ನೆಲದ ಮೇಲಿರೋ ಟೈರಲ್ಲೇ ನೋಡಿ ಹೇಳಿದ್ದೀನಿ. ನನ್ನ ಮಾತು ಸಾಲ್ದಾ?"

ಎಲ್ಲರೆದುರು ನನ್ನ ಹಿರಿತನಕ್ಕೆ ಕುಂದು ಬಂದಂತಾಗಿತ್ತು. ಅವನು ಟಾರ್ಚು ಆರಿಸಿ ಎದ್ದು ನಿಂತ. "ಸಾಕು ಭಾವ" ಎಂದ.

ಹೆಂಗಸರು ಚಳಿಗೆ ಹೆದರಿ ಮನೆಯಲ್ಲೇ ಉಳಿದರು. ಮುಂದೆ ಷಡ್ಡಕನ ಗಾಡಿ, ಹಿಂದೆ ನಮ್ಮದು. ಅದರಲ್ಲಿ ಮಗ, ಮೊಮ್ಮಗಳು, ನಾನು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಹಿಮ ಜೋರಾಯಿತು. ಇಲ್ಲಿಂದ ಮುಂದೆ ಸರಪಳಿ ಕಡ್ಡಾಯ ಎಂಬ ಫಲಕ ಬಂತು. ಷಡ್ಡಕ ಇಳಿದು ಬಂದು ಹಿಮದಲ್ಲೇ ಮಂಡಿಯೂರಿ ಸರಪಳಿ ಸುತ್ತತೊಡಗಿದ. ಉದ್ದ ಸಾಲದೆ ಅದು ಟೈರಿನ ಬೆನ್ನಿನವರೆಗೆ ಬಂದು ನಿಂತುಬಿಟ್ಟಿತು. ಬಿಚ್ಚಿದ, ಮತ್ತೆ ಸುತ್ತಿದ. ಕೊಕ್ಕೆಗೆ ಸಿಕ್ಕಿ ಬೆರಳಿನಿಂದ ರಕ್ತ ಬಂತು. ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಮಗನಿಗೆ ತಾಳ್ಮೆ ತಪ್ಪಿತು. ಷಡ್ಡಕ ಬೇಡ ಬೇಡವೆಂದರೂ ಹಾಗೇ ತಿರುಗಿಸಿ ಕೆಳಗಿಳಿಯುತ್ತೇನೆಂದು ಕಾರನ್ನು ಹಿಂದಕ್ಕೆ ತೆಗೆದ.

ಕಾರು ಅಡ್ಡಡ್ಡ ಜಾರಿತು. ಬ್ರೇಕ್ ತುಳಿದರೂ ಸದ್ದಿಲ್ಲದೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತಲೇ ಹೋಯಿತು. ಕಿಟಕಿಯ ಆಚೆ ರಸ್ತೆ ಮುಗಿದು ಬರೀ ಬಿಳುಪು ಕಂಡಿತು. ಮೊಮ್ಮಗಳು ನನ್ನ ತೋಳು ಹಿಡಿದು, "ತಾತ, ಆರ್ ವೀ ಗೋಯಿಂಗ್ ಟು ಫಾಲ್?" ಎಂದು ಪಿಸುಗುಟ್ಟಿದಳು. ಅಂಚಿನ ಕಂಬಕ್ಕೆ ಒರಗಿ ಕಾರು ನಿಂತಿತು.

ಷಡ್ಡಕ ಓಡಿ ಬಂದು ಮೊದಲು ಮಗುವನ್ನು ಎತ್ತಿಕೊಂಡು ತನ್ನ ಗಾಡಿಯಲ್ಲಿ ಕೂರಿಸಿದ. ಚಕ್ರಕ್ಕೆ ಕಲ್ಲು ಕೊಟ್ಟ. ಹಿಮ ಕೆರೆಯಲು ಏನಾದರೂ ಸಿಗುವುದೇನೋ ಎಂದು ನಮ್ಮ ಡಿಕ್ಕಿಯ ತಳ ಎತ್ತಿದ. ಅಲ್ಲೇ ನಿಂತ. ಸ್ಟೆಪ್ನಿಯನ್ನು ನೋಡಿದ. ಹಿಮ ಒರೆಸಿ ನೆಲದ ಮೇಲಿನ ಟೈರನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ.

ಅಷ್ಟರಲ್ಲಿ ಮಗ ಬಂದ. "ಏನ್ ಚಿಕ್ಕಪ್ಪ, ಸೈಜು ಸೈಜು ಅಂತ ಊರೋರ ತಲೆಯೆಲ್ಲ ತಿಂತೀರಲ್ಲ. ಮಗು ಹೋಗ್ಬಿಡ್ತಿತ್ತು."

ಷಡ್ಡಕ ಡಿಕ್ಕಿ ಮುಚ್ಚಿದ. "ನಾನೇ ತಪ್ಪು ಬರ್ಕೊಂಡೆ ಕಣಪ್ಪ" ಎಂದ.

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಅವನ ಆ ಚಳಿಗಾಲದ ಟೈರಿನ ಗಾಡಿಯೇ ನಮ್ಮೆಲ್ಲರನ್ನೂ ಒಂದಿಷ್ಟೂ ಅಲುಗದೆ ಕೆಳಗಿಳಿಸಿತು. ಆಮೇಲೆ ಟೂಂಗಾಬಿಯಿಂದ ಮೆಲ್ಬರ್ನಿನ ಗ್ಲೆನ್ ವೇವರ್ಲಿಯವರೆಗೆ ನೆಂಟರಿಷ್ಟರ ಮನೆಗಳಲ್ಲೆಲ್ಲ ಮಗ ಈ ಕಥೆಯನ್ನು ರಸವತ್ತಾಗಿ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಷಡ್ಡಕ ಈಗ ಯಾರ ಟೈರಿನ ಸೈಜನ್ನೂ ಕೇಳುವುದಿಲ್ಲ.

ಆ ದಿನ ಬೆಟ್ಟದ ಬುಡದ ಅಂಗಡಿಯೊಂದರಲ್ಲಿ ಅವನು ಎಲ್ಲರಿಗಿಂತ ಮೊದಲು ನನಗೆ ಚಹಾ ತಂದುಕೊಟ್ಟ. ಬೆರಳಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. "ಹಿಡ್ಕೊಳಿ ಭಾವ, ಕೈ ಬೆಚ್ಚಗಾಗುತ್ತೆ" ಎಂದ. ನನ್ನ ಕೈ ಬೆಚ್ಚಗೇ ಇತ್ತು. ಇಡೀ ಹೊತ್ತು ಕೋಟಿನ ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದೆನಲ್ಲ. ಮರಗಟ್ಟಿ ನೀಲಿಯಾಗಿದ್ದುದು ನನ್ನ ಷಡ್ಡಕ ನಾಗರಾಜನ ಕೈ.